ಐರ್ಲೆಂಡಿನ ಪ್ರಾಚೀನ ಅವಶೇಷಗಳು ಮತ್ತು ಸ್ಥಳೀಯ ಐತಿಹ್ಯಗಳು: ಸ್ಥಳಕಥೆಯ ಸಾಕ್ಷ್ಯವನ್ನು ಕುರಿತು

1. ಪೀಠಿಕೆ

ಪ್ರಾಚೀನ ಅವಶೇಷವೊಂದರ ಸುತ್ತ ಊರವರು ಹೇಳಿಕೊಂಡು ಬಂದ ಕಥೆಯನ್ನು ಇತಿಹಾಸದ ಆಕರವಾಗಿ ಬಳಸಬಹುದೇ, ಬಳಸಬಹುದಾದರೆ ಅದು ಯಾವುದಕ್ಕೆ ಆಕರ ಎಂಬ ಪ್ರಶ್ನೆ ಸಂಶೋಧಕರಿಗೆ ಹೊಸದಲ್ಲ. ಈ ವಿಷಯದಲ್ಲಿ ಎರಡು ಅತಿರೇಕಗಳು ರೂಢಿಯಲ್ಲಿವೆ. ಐತಿಹ್ಯವೆಲ್ಲ ಕಟ್ಟುಕಥೆ, ಉತ್ಖನನ ಮತ್ತು ಲಿಖಿತ ದಾಖಲೆಗಳಷ್ಟೇ ಗ್ರಾಹ್ಯ ಎನ್ನುವುದು ಒಂದು. ಸಾವಿರಾರು ವರ್ಷಗಳ ನೆನಪು ಜನಪದರ ನಾಲಗೆಯಲ್ಲಿ ಅಳಿಯದೆ ಉಳಿದಿರುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದರ ಕಡೆಗೆ ಪುರಾತತ್ತ್ವಜ್ಞರೂ ಎರಡನೆಯದರ ಕಡೆಗೆ ಸಾಹಿತ್ಯದ ವಿದ್ಯಾರ್ಥಿಗಳೂ ಹೆಚ್ಚಾಗಿ ವಾಲುತ್ತಾರೆ.

ಇವೆರಡನ್ನೂ ಒರೆಗೆ ಹಚ್ಚಿ ನೋಡಲು ಐರ್ಲೆಂಡ್ ಬಹಳ ಅನುಕೂಲವಾದ ಕ್ಷೇತ್ರ. ಐದು ಸಾವಿರ ವರ್ಷಗಳಿಗೂ ಹಿಂದಿನ ಸಮಾಧಿದಿಬ್ಬಗಳಿಂದ ಹಿಡಿದು ಮಧ್ಯಯುಗದ ಮಠಗಳ ಗೋಪುರಗಳವರೆಗೆ ಅಲ್ಲಿ ಊರೂರಿಗೂ ಅವಶೇಷಗಳಿವೆ. ಅವುಗಳ ಕಥೆಗಳನ್ನು ದೇಶಭಾಷೆಯಲ್ಲಿಯೇ ಬರೆದಿಟ್ಟ ಹನ್ನೆರಡನೆಯ ಶತಮಾನದ ಹಸ್ತಪ್ರತಿಗಳಿವೆ. ಹತ್ತೊಂಬತ್ತನೆಯ ಶತಮಾನದ ಭೂಮಾಪನದವರೂ ಇಪ್ಪತ್ತನೆಯ ಶತಮಾನದ ಜಾನಪದ ಸಂಗ್ರಾಹಕರೂ ಅವೇ ಊರುಗಳಲ್ಲಿ ಮತ್ತೆ ಕೇಳಿ ಬರೆದುಕೊಂಡ ದಾಖಲೆಗಳಿವೆ. ಹೀಗಾಗಿ ಒಂದೇ ದಿಬ್ಬದ ಕಥೆಯನ್ನು ಬೇರೆ ಬೇರೆ ಕಾಲಗಳಲ್ಲಿ ಹಿಡಿದು ನೋಡಲು, ಉತ್ಖನನದ ಫಲಿತದೊಡನೆ ಹೋಲಿಸಲು ಸಾಧ್ಯವಾಗುತ್ತದೆ. ಹಾಗೆ ಹೋಲಿಸಿದಾಗ ನಮಗೆ ಕಾಣುವುದಿಷ್ಟು: ಕಟ್ಟಿದವರು ಯಾರು ಎಂಬುದಕ್ಕೆ ಐತಿಹ್ಯ ದುರ್ಬಲವಾದ ಸಾಕ್ಷಿ, ಕಟ್ಟಿದವರು ಮರೆತುಹೋದ ಮೇಲೆ ಆ ಅವಶೇಷದ ಮಗ್ಗುಲಲ್ಲಿ ಜನ ಹೇಗೆ ಬಾಳಿದರು ಎಂಬುದಕ್ಕೆ ಅದು ಪ್ರಬಲವಾದ, ಎಷ್ಟೋ ವೇಳೆ ಏಕಮಾತ್ರವಾದ, ಸಾಕ್ಷಿ. ಈ ಮಾತನ್ನು ಕೆಲವು ಖಚಿತ ನಿದರ್ಶನಗಳಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮಧ್ಯಯುಗದ ಸ್ಥಳಕಥನ

ಐರಿಷ್ ಭಾಷೆಯಲ್ಲಿ ಸ್ಥಳಕಥೆಗೆ ದಿನ್‌ಶನಖಸ್ ಎಂದು ಹೆಸರು. ಪ್ರಸಿದ್ಧ ಸ್ಥಳಗಳ ಪುರಾತನ ವೃತ್ತಾಂತ ಎಂದು ಇದರ ಸ್ಥೂಲವಾದ ಅರ್ಥ. ನಮ್ಮ ಸ್ಥಳಪುರಾಣ ಎಂಬ ಮಾತು ಇದಕ್ಕೆ ಹತ್ತಿರವಾದರೂ ಒಂದು ವ್ಯತ್ಯಾಸವಿದೆ. ಸ್ಥಳಪುರಾಣ ಸಾಮಾನ್ಯವಾಗಿ ಒಂದು ಕ್ಷೇತ್ರದ, ಒಂದು ದೇವರ ಮಹಿಮೆಗೆ ಸೇರಿದ್ದು; ದಿನ್‌ಶನಖಸ್ ಬೆಟ್ಟ, ಹೊಳೆ, ಹಾಯ್ಗಡ, ದಿಬ್ಬ, ಕೋಟೆ ಎಲ್ಲವನ್ನೂ ಒಳಗೊಂಡು ಇಡೀ ದ್ವೀಪಕ್ಕೆ ಹಬ್ಬಿದ್ದು. ಕವಿಪದವಿಗೆ ಓದುವವನು ಈ ಕಥೆಗಳನ್ನು ಕಲಿತಿರಲೇಬೇಕಾಗಿತ್ತು. ಗದ್ಯದಲ್ಲಿಯೂ ಪದ್ಯದಲ್ಲಿಯೂ ದೊರೆಯುವ ಈ ಸಾಹಿತ್ಯದ ಮುಖ್ಯ ಆಕರಗಳಲ್ಲಿ ಒಂದು ಹನ್ನೆರಡನೆಯ ಶತಮಾನದ ಲೆನ್‌ಸ್ಟರ್ ಗ್ರಂಥ. ಪದ್ಯಭಾಗವನ್ನು ಎಡ್ವರ್ಡ್ ಗ್ವಿನ್ 1903ರಿಂದ 1935ರವರೆಗೆ ಐದು ಸಂಪುಟಗಳಲ್ಲಿ ಸಂಪಾದಿಸಿ ಪ್ರಕಟಿಸಿದರು.

ಸುಮಾರು 1200ರ ಹೊತ್ತಿಗೆ ರಚಿತವಾದ ‘ಹಿರಿಯರ ಸಂವಾದ’ ಎಂಬ ಕೃತಿಯಲ್ಲಿ ಈ ಸ್ಥಳಕಥನಕ್ಕೆ ಒಂದು ಚೌಕಟ್ಟು ದೊರೆತಿದೆ. ಫಿನ್ ಎಂಬ ವೀರನ ಪಡೆಯಲ್ಲಿ ಉಳಿದುಕೊಂಡ ಮುದುಕ ಕೀಲ್ಚ ಸಂತ ಪ್ಯಾಟ್ರಿಕ್‌ನನ್ನು ಭೇಟಿಯಾಗಿ ಅವನೊಡನೆ ನಾಡನ್ನು ಸುತ್ತುತ್ತಾನೆ. ಈ ದಿಬ್ಬಕ್ಕೆ ಈ ಹೆಸರು ಏಕೆ, ಈ ಬಾವಿ ಯಾರದು ಎಂದು ಸಂತ ಕೇಳುತ್ತ ಹೋಗುತ್ತಾನೆ. ಕೀಲ್ಚ ಹೇಳುತ್ತ ಹೋಗುತ್ತಾನೆ. ಕ್ರೈಸ್ತನಾದ ತಾನು ಇಂಥ ಕಥೆಗಳಿಗೆ ಮನಸೋಲುವುದು ಸರಿಯೇ ಎಂದು ಸಂತನಿಗೆ ಶಂಕೆ ಬಂದಾಗ, ಕೇಳಿ ಬರೆಸಿಡು ಎಂದು ದೇವದೂತರೇ ಅಪ್ಪಣೆ ಕೊಡುತ್ತಾರೆ. ಬರೆದವರು ಮಠದ ಸಂಸ್ಕಾರ ಪಡೆದವರು. ಬರೆದದ್ದು ತಮ್ಮ ಮತಕ್ಕೆ ಹಿಂದಿನ ಕಾಲದ ಕಥೆಗಳನ್ನು. ದೇವದೂತರ ಅಪ್ಪಣೆ ಈ ಇಕ್ಕಟ್ಟಿಗೆ ಅವರು ಕಂಡುಕೊಂಡ ಪರಿಹಾರ. ಆದುದರಿಂದ ಮಧ್ಯಯುಗದ ಸ್ಥಳಕಥೆಯನ್ನು ಪ್ರಾಚೀನ ಜನರ ನೇರವಾದ ಹೇಳಿಕೆಯೆಂದು ಓದಲಾಗದು. ಅದು ಪಂಡಿತರ ಕೈಯಲ್ಲಿ ಹಾದು ಬಂದ ಹೇಳಿಕೆ.

ಇಲ್ಲಿ ‘ಶೀ’ ಎಂಬ ಶಬ್ದವನ್ನು ಗಮನಿಸಬೇಕು. ಹಳೆಯ ಐರಿಷಿನಲ್ಲಿ ಇದಕ್ಕೆ ದಿಬ್ಬ ಎಂದೂ ದಿಬ್ಬದೊಳಗಿನ ಬೇರೆ ಲೋಕ ಎಂದೂ ಅರ್ಥ. ತೂಅಹ ಡೇ ಡನನ್ ಎಂಬ ದೈವೀ ಜನಾಂಗ ಯುದ್ಧದಲ್ಲಿ ಸೋತು ನೆಲದೊಳಗಿನ ದಿಬ್ಬಗಳನ್ನು ತಮ್ಮ ಪಾಲಾಗಿ ಪಡೆಯಿತು ಎಂಬುದು ಕಥೆ. ಮುಂದೆ ಜನಪದರ ಬಾಯಲ್ಲಿ ಇವರೇ ‘ದಿಬ್ಬದ ಜನ’ ಆದರು. ಹೆಸರೆತ್ತಿ ಕರೆದರೆ ಕೇಡು ಎಂಬ ಅಂಜಿಕೆಯಿಂದ ‘ಒಳ್ಳೆಯ ಜನ’ ಎಂದೂ ಕರೆಸಿಕೊಂಡರು. ನೆಲದ ಮೇಲಿನದು ಮನುಷ್ಯರಿಗೆ, ಒಳಗಿನದು ಅವರಿಗೆ ಎಂಬ ಈ ಪಾಲುಪಟ್ಟಿಯೇ ಅವಶೇಷಗಳ ವಿಷಯದಲ್ಲಿ ಜನ ನಡೆದುಕೊಂಡ ರೀತಿಗೆ ಮೂಲ.

3. ಬೊಯ್ನ್ ನದಿಯ ದಿಬ್ಬಗಳು: ನೆನಪಿನ ಆಯುಸ್ಸು ಎಷ್ಟು?

ಡಬ್ಲಿನ್ನಿನ ಉತ್ತರಕ್ಕೆ ಬೊಯ್ನ್ ನದಿಯ ತಿರುವಿನಲ್ಲಿ ನ್ಯೂಗ್ರೇಂಜ್, ನೌತ್, ಡೌತ್ ಎಂಬ ಮೂರು ಮಹಾದಿಬ್ಬಗಳಿವೆ. 1993ರಲ್ಲಿ ಇವು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನ್ಯೂಗ್ರೇಂಜ್ ಕ್ರಿ.ಪೂ. 3200ರ ಸುಮಾರಿನದು. ಅದರ ವ್ಯಾಸ ಸುಮಾರು 85 ಮೀಟರು, ಒಳಗಿನ ಕೋಣೆಗೆ ಹೋಗುವ ಓಣಿಯ ಉದ್ದ ಸುಮಾರು 19 ಮೀಟರು. ನ್ಯೂಗ್ರೇಂಜ್ ಎಂಬ ಹೆಸರಿಗೆ ಹೊಸ ಕಣಜದ ಹಳ್ಳಿ ಎಂಬಷ್ಟೇ ಅರ್ಥ. 1142ರಲ್ಲಿ ಸ್ಥಾಪಿತವಾದ ಮೆಲಿಫಾಂಟ್ ಮಠದ ಉಂಬಳಿ ಜಮೀನಾಗಿದ್ದುದರಿಂದ ಬಂದ ಹೆಸರು ಇದು. ಹಳೆಯ ಸಾಹಿತ್ಯದ ‘ಬ್ರೂ’, ಅಂದರೆ ದೇವತೆಗಳ ಅರಮನೆ, ಈ ಸ್ಥಳವೇ.

ಬ್ರೂವಿನ ಕಥೆಗಳಲ್ಲಿ ಸೂರ್ಯ ಮತ್ತು ಕಾಲ ಎರಡೂ ಮುಖ್ಯ. ದಗ್ದನೆಂಬ ದೇವತೆ ಸೂರ್ಯನನ್ನು ಒಂಬತ್ತು ತಿಂಗಳು ನಿಲ್ಲಿಸಿದನಂತೆ. ಹಾಗಾಗಿ ಅವನ ಮಗ ಏಂಗಸ್ ಗರ್ಭದಲ್ಲಿ ನಿಂತದ್ದೂ ಹುಟ್ಟಿದ್ದೂ ಒಂದೇ ಹಗಲಿನಲ್ಲಿ. ಬೆಳೆದ ಏಂಗಸ್ ಬ್ರೂವನ್ನು ‘ಹಗಲು ಇರುಳು’ ತನಗೆ ಬಿಟ್ಟುಕೊಡಬೇಕೆಂದು ಅದರ ಒಡೆಯನನ್ನು ಬೇಡಿ ಪಡೆದ. ಅವಧಿ ಮುಗಿಯಿತು, ಬಿಡು ಎಂದಾಗ, ಲೋಕವೆಲ್ಲ ಹಗಲು ಇರುಳುಗಳಿಂದಲೇ ಆದುದು, ಆದ್ದರಿಂದ ಇದು ಎಂದೆಂದಿಗೂ ನನ್ನದು ಎಂದ. ‘ಒಂದು’ ಎಂದು ಹೇಳುವ ಪದ ಹಳೆಯ ಐರಿಷಿನಲ್ಲಿ ಬೇಕಾಗದಿರುವುದರಿಂದ ಈ ಶ್ಲೇಷೆ ಸಾಧ್ಯವಾಗಿದೆ.

ಈಗ ಉತ್ಖನನದ ಕಡೆಗೆ ಬರೋಣ. ರಸ್ತೆಗೆ ಕಲ್ಲು ತೆಗೆಸುವಾಗ 1699ರಲ್ಲಿ ನ್ಯೂಗ್ರೇಂಜಿನ ಬಾಗಿಲು ತೆರೆದುಕೊಂಡಿತು. ಪ್ರೊ. ಮೈಕೆಲ್ ಓ'ಕೆಲಿ 1962ರಿಂದ 1975ರವರೆಗೆ ಅಲ್ಲಿ ಶಾಸ್ತ್ರೀಯ ಉತ್ಖನನ ನಡೆಸಿದರು. ಉದಯಿಸುವ ಸೂರ್ಯನ ಬೆಳಕು ಯಾವುದೋ ಒಂದು ದಿನ ಒಳಗೋಣೆಯ ಮೂರು ಸುರುಳಿಗಳ ಕಲ್ಲಿನ ಮೇಲೆ ಬೀಳುತ್ತದೆ ಎಂಬ ಮಾತು ಅವರ ಕಿವಿಗೆ ಮತ್ತೆ ಮತ್ತೆ ಬೀಳುತ್ತಿತ್ತು. ಕಂಡೆ ಎನ್ನುವವರು ಮಾತ್ರ ಒಬ್ಬರೂ ಸಿಗಲಿಲ್ಲ. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ಸುದ್ದಿಯನ್ನು ಜನ ಇಲ್ಲಿಗೆ ತಳುಕು ಹಾಕಿದ್ದಾರೆಂದು ಅವರು ಮೊದಲು ಭಾವಿಸಿದರು. ಆದರೆ ಬಾಗಿಲಿನ ಮೇಲೆ ಕಿಂಡಿಯಂಥ ಒಂದು ರಚನೆ 1963ರಲ್ಲಿ ಹೊರಬಿತ್ತು. ಬಾಗಿಲು ಆಗ್ನೇಯಕ್ಕೆ ಮುಖಮಾಡಿರುವುದರಿಂದ ಚಳಿಗಾಲದ ಅಯನಸಂಕ್ರಮಣವನ್ನು ಪರೀಕ್ಷಿಸಬೇಕೆನಿಸಿ, ಅವರು 1967ರ ಡಿಸೆಂಬರ್ 21ರ ಬೆಳಗ್ಗೆ ಒಳಗೆ ಕಾದು ಕುಳಿತರು. ಬೆಳಕು ಕಿಂಡಿಯಿಂದ ನುಗ್ಗಿ ಒಳಗೋಣೆಯವರೆಗೆ ಬಂದಿತು. ಈ ಬೆಳಕು ಸುಮಾರು 17 ನಿಮಿಷ ಇರುತ್ತದೆ.

ಐದು ಸಾವಿರ ವರ್ಷದ ನೆನಪು ಇದು ಎಂದು ಹೇಳಿಬಿಡುವುದು ಸುಲಭ. ಆದರೆ ದಿಬ್ಬದ ಅಂಚು ಪುರಾತನ ಕಾಲದಲ್ಲಿಯೇ ಕುಸಿದು ಬಾಗಿಲನ್ನೂ ಕಿಂಡಿಯನ್ನೂ ಮುಚ್ಚಿಬಿಟ್ಟಿತ್ತು. ಓಣಿಯ ಕಲ್ಲುಗಳು ಒಳಕ್ಕೆ ವಾಲಿದ್ದವು. ಸಹಸ್ರಾರು ವರ್ಷ ಈ ಬೆಳಕನ್ನು ಕಂಡ ಕಣ್ಣುಗಳಿಲ್ಲ. ಇನ್ನೊಂದೆಡೆ, ಖಗೋಳವಿಜ್ಞಾನಿ ನಾರ್ಮನ್ ಲಾಕಿಯರ್ 1909ರಷ್ಟು ಹಿಂದೆಯೇ ಈ ದಿಬ್ಬದ ದಿಕ್ಕನ್ನು ಅಯನಸಂಕ್ರಮಣದೊಡನೆ ಜೋಡಿಸಿ ಬರೆದಿದ್ದರು. ಪುಸ್ತಕದ ಮಾತು ಊರಿಗೆ ಬಂದು ಅರ್ಧ ಶತಮಾನದಲ್ಲಿ ಊರಿನ ಹಳೆಯ ಮಾತೇ ಆಗಿಬಿಡುವುದು ಜಾನಪದದಲ್ಲಿ ಅಪರೂಪವಲ್ಲ. ಓ'ಕೆಲಿಯವರ ಕಿವಿಗೆ ಬಿದ್ದ ಮಾತು ಅವರನ್ನು ಸರಿಯಾದ ಕಡೆಗೆ ಒಯ್ದಿತು ಎಂಬುದು ನಿಜ. ಆ ಮಾತು ಕಟ್ಟಿದವರಿಂದಲೇ ಹರಿದು ಬಂತು ಎಂಬುದಕ್ಕೆ ಅದಷ್ಟೇ ಸಾಲದು.

ನೆರೆಯ ಡೌತ್ ದಿಬ್ಬದ ನಿದರ್ಶನ ಇನ್ನೂ ಸೂಕ್ಷ್ಮವಾದುದು. ಅದರ ಹಳೆಯ ಹೆಸರು ದುಬದ್. ಕತ್ತಲು ಎಂಬ ಅರ್ಥವನ್ನು ಸೂಚಿಸುವ ಹೆಸರು. ಬ್ರೆಸಲ್ ಎಂಬ ಅರಸನ ಕಾಲದಲ್ಲಿ ದನಗಳಿಗೆ ಜಾಡ್ಯ ಬಂದು ಏಳು ಹಸು ಒಂದು ಗೂಳಿ ಮಾತ್ರ ಉಳಿದವು. ಸ್ವರ್ಗ ಮುಟ್ಟುವ ಗೋಪುರ ಕಟ್ಟಲೆಂದು ಅವನು ಒಂದು ದಿನದ ಮಟ್ಟಿಗೆ ನಾಡಿನ ಗಂಡಸರನ್ನೆಲ್ಲ ಕರೆಸಿದ. ಅವನ ತಂಗಿ ಮಂತ್ರಬಲದಿಂದ ಸೂರ್ಯನನ್ನು ತಡೆದು ಹಗಲನ್ನು ಮುಗಿಯದಂತೆ ಮಾಡಿದಳು. ಅರಸ ತಂಗಿಯನ್ನೇ ಬಯಸಿ ಕೂಡಿದ. ಮಂತ್ರ ಕೆಟ್ಟಿತು, ಕತ್ತಲು ಕವಿಯಿತು, ಜನ ಕೆಲಸ ಬಿಟ್ಟು ಹೊರಟುಹೋದರು. ಇದು ದಿನ್‌ಶನಖಸ್ ಹೇಳುವ ಕಥೆ.

ಟ್ರಿನಿಟಿ ಕಾಲೇಜಿನ ಲಾರಾ ಕ್ಯಾಸಿಡಿ, ಡ್ಯಾನಿಯಲ್ ಬ್ರ್ಯಾಡ್ಲಿ ಮೊದಲಾದವರು 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನವೊಂದು ಈ ಕಥೆಗೆ ಹೊಸ ಬೆಳಕು ಬೀರಿದಂತೆ ಕಂಡಿತು. ನ್ಯೂಗ್ರೇಂಜಿನ ಒಳಗೋಣೆಯಲ್ಲಿ ದೊರೆತ ತಲೆಬುರುಡೆಯ ತುಣುಕಿಗೆ ಸೇರಿದ ಪುರುಷನ ತಂದೆ ತಾಯಿ ಒಡಹುಟ್ಟಿದವರು, ಇಲ್ಲವೇ ಹೆತ್ತವರು ಮಕ್ಕಳ ಸಂಬಂಧದವರು ಎಂದು ಅದರಿಂದ ತಿಳಿಯಿತು. ಆಳುವ ಮನೆತನದಲ್ಲಿ ಇಂಥ ವಿವಾಹ ನಡೆದಿರಬಹುದು, ಡೌತ್ ಕಥೆ ಅದರ ನೆನಪಾಗಿರಬಹುದು ಎಂಬ ಊಹೆಗೆ ಇದು ದಾರಿಯಾಯಿತು. 2025ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯ ಲೇಖನವೊಂದು, ಒಂದೇ ತುಣುಕನ್ನು ಹಿಡಿದು ಅರಸುಮನೆತನವನ್ನು ಕಲ್ಪಿಸುವುದನ್ನು ಗಟ್ಟಿಯಾಗಿ ಆಕ್ಷೇಪಿಸಿತು.

ಮಧ್ಯಯುಗದ ಸಾಹಿತ್ಯವನ್ನು ಓದುವವರಾಗಿ ನಾವು ಈ ಆಕ್ಷೇಪಕ್ಕೆ ಮೂರು ಅಂಶಗಳನ್ನು ಸೇರಿಸಬಯಸುತ್ತೇವೆ. ಮೊದಲನೆಯದು, ದುಬದ್ ಎಂಬ ಹೆಸರಿನಿಂದಲೇ ಕತ್ತಲೆಯ ಕಥೆಯನ್ನು ಹೆಣೆಯಬಹುದು. ಹೆಸರಿಗೆ ನಿರುಕ್ತಿ ಹೇಳಿ ಕಥೆ ಕಟ್ಟುವುದು ದಿನ್‌ಶನಖಸ್‌ನ ನಿತ್ಯದ ಕೆಲಸ. ಎರಡನೆಯದು, ಈ ಗೋಪುರವನ್ನು ಬೈಬಲಿನ ನಿಮ್ರೋದನ ಗೋಪುರಕ್ಕೆ ಕಥೆಯೇ ಹೋಲಿಸುತ್ತದೆ. ಮಠದ ಓದಿನ ನೆರಳು ಅಲ್ಲಿ ಸ್ಪಷ್ಟ. ಮೂರನೆಯದು, ಕ್ರಿ.ಪೂ. ಮೂರನೆಯ ಸಹಸ್ರಮಾನದ ಕೊನೆಯ ಭಾಗದಲ್ಲಿ ಐರ್ಲೆಂಡಿನ ಜನಸಮುದಾಯ ಬಹುಮಟ್ಟಿಗೆ ಬದಲಾಯಿತೆಂದು ವಂಶವಾಹಿ ಅಧ್ಯಯನಗಳೇ ತಿಳಿಸುತ್ತವೆ. ಕಟ್ಟಿದವರ ನೆನಪು ಬೇರೆ ಜನರಿಗೆ, ಬೇರೆ ಭಾಷೆಗೆ ದಾಟಿ ನಾಲ್ಕು ಸಾವಿರ ವರ್ಷ ಬಾಳಿತು ಎನ್ನಲು ನಡುವಣ ಕೊಂಡಿಗಳು ಬೇಕು.

ನಡುವಣ ಕಾಲದಿಂದ ದೊರೆತಿರುವ ಕೊಂಡಿಗಳು ಬೇರೆ ಬಗೆಯವು. ನ್ಯೂಗ್ರೇಂಜಿನ ಬಾಗಿಲ ಮುಂದೆ ರೋಮನ್ ನಾಣ್ಯಗಳೂ ಚಿನ್ನದ ಒಡವೆಗಳೂ ಸಿಕ್ಕಿವೆ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಯಾರೋ ಅಲ್ಲಿಗೆ ಬಂದು ಕಾಣಿಕೆ ಇಡುತ್ತಿದ್ದರು. ನೌತ್ ದಿಬ್ಬದ ಮೇಲೆ ಮುಂದೆ ಉತ್ತರ ಬ್ರೆಗದ ಅರಸರ ವಸತಿಯೇ ಇದ್ದಿತು. ಈ ದಿಬ್ಬಗಳು ಕಟ್ಟಿದವರನ್ನು ಕಳೆದುಕೊಂಡರೂ ಮಹತ್ವವನ್ನು ಕಳೆದುಕೊಳ್ಳಲಿಲ್ಲ. ಬ್ರೂವಿನ ಕಥೆಗಳು ಈ ಮಹತ್ವದ ಇತಿಹಾಸಕ್ಕೆ ಆಕರಗಳು.

4. ಹೆಸರಿನ ಸಾಕ್ಷ್ಯ: ಗೋಪುರಗಳ ವಿವಾದ

ಐತಿಹ್ಯ ಸೋಲುವ ಕಡೆಯಲ್ಲಿ ಹೆಸರು ಗೆಲ್ಲುವುದುಂಟು. ಐರ್ಲೆಂಡಿನ ಹಳೆಯ ಮಠಗಳ ಬಳಿ ತೆಳ್ಳಗೆ ಎತ್ತರವಾಗಿ ನಿಂತ ಕಲ್ಲಿನ ದುಂಡು ಗೋಪುರಗಳು ಪೂರ್ಣವಾಗಿಯೋ ಭಾಗಶಃವೋ ಅರುವತ್ತಕ್ಕೂ ಹೆಚ್ಚು ಉಳಿದಿವೆ. ಇವು ಯಾರವು ಎಂಬ ಬಗ್ಗೆ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ದೊಡ್ಡ ವಿವಾದವೇ ನಡೆಯಿತು. ಫಿನೀಷಿಯನ್ನರ ಅಗ್ನಿದೇವಾಲಯಗಳೆಂದು ಕೆಲವರು, ಡೇನರು ಕಟ್ಟಿದ್ದೆಂದು ಕೆಲವರು ವಾದಿಸಿದರು. ಹೆನ್ರಿ ಓ'ಬ್ರಿಯನ್ ಎಂಬಾತ 1834ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇವನ್ನು ಪೂರ್ವದೇಶದ ಬೌದ್ಧ ಮತಕ್ಕೆ ಗಂಟುಹಾಕಿದ. ಊರವರಾದರೋ, ಗೊಬಾನ್ ಸೇರ್ ಎಂಬ ಮಹಾಶಿಲ್ಪಿ ಒಂದೇ ರಾತ್ರಿಯಲ್ಲಿ ಕಟ್ಟಿದನೆಂದು ಹೇಳುತ್ತಿದ್ದರು.

ಈ ವಿವಾದವನ್ನು ಬಗೆಹರಿಸಿದವರು ಜಾರ್ಜ್ ಪೆಟ್ರಿ. ರಾಯಲ್ ಐರಿಷ್ ಅಕಾಡೆಮಿಯ ಬಹುಮಾನ ಪಡೆದ ಅವರ ಪ್ರಬಂಧ ವಿಸ್ತೃತ ರೂಪದಲ್ಲಿ 1845ರಲ್ಲಿ ಅಚ್ಚಾಯಿತು. ಕಟ್ಟಡದ ಲಕ್ಷಣಗಳೊಡನೆ ಅವರು ಹಿಡಿದ ಇನ್ನೊಂದು ಸಾಕ್ಷ್ಯ ಐರಿಷ್ ಮಾತನಾಡುವ ಜನ ಈ ಗೋಪುರಕ್ಕೆ ಬಳಸುತ್ತಿದ್ದ ಸಾದಾ ಹೆಸರು: ‘ಕ್ಲಿಗ್‌ಹ್ಯಾಖ್’, ಅಂದರೆ ಗಂಟೆಯ ಮನೆ. ಇದೇ ಶಬ್ದ ವಾರ್ಷಿಕ ವೃತ್ತಾಂತಗಳಲ್ಲಿಯೂ ಇದೆ. 950ರಲ್ಲಿ ಸ್ಲೇನ್ ಎಂಬಲ್ಲಿಯ ಗಂಟೆಯ ಮನೆಯನ್ನು ಡಬ್ಲಿನ್ನಿನ ಪರಕೀಯರು ಸುಟ್ಟ ಸಂಗತಿ ಅಲ್ಲಿ ದಾಖಲಾಗಿದೆ. ಗೋಪುರಗಳು ಕ್ರೈಸ್ತ ಮಠಗಳ ಗಂಟೆಗೋಪುರಗಳೆಂಬುದು ಇದರಿಂದ ಸ್ಥಿರವಾಯಿತು. ಪಂಡಿತರು ಫಿನೀಷಿಯದವರೆಗೆ ಅಲೆದು ಹುಡುಕಿದ ಉತ್ತರ ರೈತನ ದಿನಬಳಕೆಯ ಮಾತಿನಲ್ಲಿತ್ತು. ರೈತ ಹೇಳಿದ ಕಥೆ ಕಟ್ಟಿದವನ ಬಗ್ಗೆ ಏನನ್ನೂ ತಿಳಿಸಲಿಲ್ಲ. ಅವನು ಬಳಸಿದ ಹೆಸರು ಕಟ್ಟಡದ ಉಪಯೋಗವನ್ನು ತಿಳಿಸಿತು.

ಇಂಥ ಹೆಸರುಗಳು ದಾಖಲಾದದ್ದು ಆರ್ಡ್‌ನನ್ಸ್ ಸರ್ವೆ ಎಂಬ ಭೂಮಾಪನದಿಂದ. 1824ರಲ್ಲಿ ಆರಂಭವಾದ ಇದರ ಉದ್ದೇಶ ತೆರಿಗೆಗಾಗಿ ನೆಲವನ್ನು ಅಳೆಯುವುದು. ನಡೆಸಿದ್ದು ಬ್ರಿಟಿಷ್ ಸೈನ್ಯ. ನಕ್ಷೆಯಲ್ಲಿ ಐರಿಷ್ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತಕ್ಕೆ ಒಗ್ಗಿಸಲಾಯಿತು. ಆದರೆ ಸರಿಯಾದ ಹೆಸರನ್ನು ಗೊತ್ತುಮಾಡಲು ನೇಮಕಗೊಂಡ ಜಾನ್ ಓ'ಡೊನೊವನ್ ಊರಿಂದೂರಿಗೆ ನಡೆದು, ವೃದ್ಧರ ಉಚ್ಚಾರವನ್ನು ಕೇಳಿ, ಹಸ್ತಪ್ರತಿಗಳೊಡನೆ ಹೋಲಿಸಿ, ದಿಬ್ಬ ಕೋಟೆಗಳ ಕಥೆಗಳನ್ನೂ ಕಚೇರಿಗೆ ಬರೆದ ಪತ್ರಗಳಲ್ಲಿ ಸೇರಿಸಿದರು. ಅವರೊಡನೆ ಯೂಜಿನ್ ಓ'ಕರಿಯೂ ಪೆಟ್ರಿಯೂ ಇದ್ದರು. ನಕ್ಷೆಗಳ ಕೆಲಸ ಮುಗಿದದ್ದು 1846ರಲ್ಲಿ. ಅದಕ್ಕೆ ಹಿಂದಿನ ವರ್ಷವೇ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಆರಂಭವಾಗಿತ್ತು. 1852ರ ವೇಳೆಗೆ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ನಾಡು ಬಿಟ್ಟರು. ಸತ್ತವರಲ್ಲಿ, ಹೋದವರಲ್ಲಿ ಐರಿಷ್ ಮಾತನಾಡುವ ಬಡ ರೈತರೇ ಹೆಚ್ಚು. ಓ'ಡೊನೊವನ್ ಹತ್ತು ವರ್ಷ ತಡವಾಗಿ ಹೊರಟಿದ್ದರೆ ಎಷ್ಟೋ ದಿಬ್ಬಗಳ ಹೆಸರನ್ನು ಹೇಳಲು ಯಾರೂ ಇರುತ್ತಿರಲಿಲ್ಲ.

5. ನಿಷೇಧದ ಸಾಕ್ಷ್ಯ: ‘ದಿಬ್ಬದ ಜನ’ರ ಕೋಟೆಗಳು

ಐರ್ಲೆಂಡಿನಲ್ಲಿ ಅತಿ ಹೆಚ್ಚಾಗಿ ಕಾಣುವ ಅವಶೇಷವೆಂದರೆ ಹೊಲದ ನಡುವಿನ ದುಂಡಗಿನ ಮಣ್ಣಿನ ಕೋಟೆ. ರಾತ್, ಲಿಸ್ ಎಂಬ ಹೆಸರುಗಳು ಇದಕ್ಕಿವೆ. ಗುರುತಿಸಲಾಗಿರುವ ಇಂಥ ಕೋಟೆಗಳು ಸುಮಾರು 45,000. ಇವುಗಳಲ್ಲಿ ಬಹುಪಾಲು ಕ್ರಿ.ಶ. 600ರಿಂದ 900ರ ನಡುವಿನ ರೈತ ಕುಟುಂಬಗಳ ಮನೆಗಳು. ಮನೆ ದನಗಳನ್ನು ಕಾಯಲು ಸುತ್ತ ಮಣ್ಣಿನ ಏರಿ, ಹೊರಗೊಂದು ಕಂದಕ. ಕೆಲವುಗಳಲ್ಲಿ ನೆಲದಡಿಯ ಸುರಂಗ. ಎಂದರೆ ಇವು ಅಲ್ಲಿಯ ರೈತರ ಪೂರ್ವಜರ ಮನೆಗಳೇ. ಆದರೆ ಇವು ಡೇನರು ಕಟ್ಟಿದವು, ಇಲ್ಲವೇ ‘ಒಳ್ಳೆಯ ಜನ’ ವಾಸಿಸುವ ಸ್ಥಳಗಳು ಎಂದೇ ಆ ರೈತರು ನಂಬಿದ್ದರು. ಸಾವಿರ ವರ್ಷಗಳಲ್ಲಿ ತಮ್ಮವರ ಮನೆಯೇ ಪರರ ಮನೆಯಾಗಿತ್ತು. ಐದು ಸಾವಿರ ವರ್ಷಗಳ ನೆನಪಿನ ಮಾತು ಬಂದಾಗ ಈ ಸಂಗತಿಯನ್ನು ಮರೆಯಬಾರದು.

ಆದರೆ ಈ ತಪ್ಪು ತಿಳಿವಳಿಕೆಯಿಂದ ಒಂದು ಒಳ್ಳೆಯ ಫಲವಾಯಿತು. ಐರಿಷ್ ಜಾನಪದ ಆಯೋಗ 1935ರಲ್ಲಿ ಸ್ಥಾಪಿತವಾಯಿತು. ಸೇಮಸ್ ಓ ದಿಲರ್ಗ ಅದರ ನಿರ್ದೇಶಕರು. 1937ರಿಂದ 1939ರವರೆಗೆ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಂದ ತಮ್ಮ ಮನೆಯ, ಊರಿನ ಹಿರಿಯರನ್ನು ಕೇಳಿಸಿ ಬರೆಸುವ ಯೋಜನೆ ನಡೆಯಿತು. ಅದರಿಂದ ಸುಮಾರು 7,40,000 ಪುಟಗಳ ಸಂಗ್ರಹ ದೊರೆಯಿತು. ಅದು ಈಗ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದೆ. ಕೋಟೆಗಳನ್ನು ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಕಥೆಯ ಅಚ್ಚು ಒಂದೇ: ಕೋಟೆಯ ಮುಳ್ಳುಗಿಡ ಕಡಿದವನ ಕೈ ಬತ್ತಿತು, ಏರಿಯನ್ನು ಅಗೆದವನ ದನ ಸತ್ತಿತು, ಕಲ್ಲು ಒಯ್ದವನು ಹಿಂದಿರುಗಿ ತಂದಿಟ್ಟ ಮೇಲೆಯೇ ಮನೆಗೆ ನೆಮ್ಮದಿಯಾಯಿತು. ನೇಗಿಲು ಕೋಟೆಯನ್ನು ಸುತ್ತಿಕೊಂಡು ಹೋಯಿತು. ಸ್ಮಾರಕಗಳ ರಕ್ಷಣೆಗಾಗಿ ಅಲ್ಲಿಯ ಸರ್ಕಾರ ಕಾಯಿದೆ ಮಾಡಿದ್ದು 1930ರಲ್ಲಿ. ಅದಕ್ಕೆ ಮೊದಲು ಶತಮಾನಗಳ ಕಾಲ ಈ ಕೋಟೆಗಳಿಗೆ ಕಾವಲಾಗಿದ್ದದ್ದು ಈ ಅಂಜಿಕೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಂಬಿಕೆ ಸಡಿಲಿ, ಭಾರಿ ಯಂತ್ರಗಳು ಹೊಲಕ್ಕೆ ಬಂದಾಗ ಸಾವಿರಾರು ಕೋಟೆಗಳು ನೆಲಸಮವಾದವು. ಆದರೂ ಅಂಜಿಕೆ ಪೂರ್ತಿ ಅಳಿದಿಲ್ಲ. 1999ರಲ್ಲಿ ಕ್ಲೇರ್ ಪ್ರಾಂತದ ಲಟೂನ್ ಎಂಬಲ್ಲಿ ಹೆದ್ದಾರಿಯ ದಾರಿಗೆ ಒಂದು ಮುಳ್ಳುಗಿಡ ಅಡ್ಡವಾದಾಗ, ಕಥೆಗಾರ ಎಡ್ಡಿ ಲೆನಿಹನ್ ಅದನ್ನು ಕಡಿಯಬಾರದೆಂದು ಚಳವಳಿ ಹೂಡಿದರು. ಗಿಡವನ್ನು ಉಳಿಸಿಕೊಂಡೇ ರಸ್ತೆಯಾಯಿತು.

ಈ ಅಂಜಿಕೆಯ ಅಡಿಯಲ್ಲಿ ಇನ್ನೊಂದು ಸಂಗತಿ ಅಡಗಿದೆ. ದೀಕ್ಷಾಸ್ನಾನವಾಗುವ ಮುನ್ನ ಸತ್ತ ಶಿಶುವನ್ನು ಚರ್ಚಿನ ಪವಿತ್ರ ನೆಲದಲ್ಲಿ ಹೂಳಲು ಅವಕಾಶವಿರಲಿಲ್ಲ. ಅಂಥ ಕೂಸುಗಳನ್ನು ಪಾಳುಬಿದ್ದ ಗುಡಿಗಳಲ್ಲಿ, ಊರಿನ ಗಡಿಗಳಲ್ಲಿ, ಮತ್ತು ಎಷ್ಟೋ ಕಡೆ ಈ ಕೋಟೆಗಳ ಒಳಗೆ ಹೂಳುತ್ತಿದ್ದರು. ಸಾಮಾನ್ಯವಾಗಿ ಮನೆಯ ಗಂಡಸರು ಕತ್ತಲಾದ ಮೇಲೆ ಮಗುವನ್ನು ಒಯ್ದು ಹೂಳಿ ಬರುತ್ತಿದ್ದರು. ಗುರುತಿಗೆ ಹೆಸರಿಲ್ಲದ ಒಂದು ಕಲ್ಲು. ಇಂಥ ಸ್ಥಳಕ್ಕೆ ಕಿಲೀನ್ ಎಂದು ಹೆಸರು. ಈ ಪದ್ಧತಿ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ನಡೆಯಿತು. ಅಂಥ ಕೂಸಿನ ಗೋರಿಯನ್ನು ಅರಿಯದೆ ತುಳಿದವನು ರಾತ್ರಿಯೆಲ್ಲ ದಾರಿತಪ್ಪಿ ಅಲೆಯುತ್ತಾನೆ ಎಂಬ ನಂಬಿಕೆ ಕೆಲವೆಡೆ ಇತ್ತು.

ಕೋಟೆಯ ಮಣ್ಣನ್ನು ಕೆದಕಬೇಡ ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ಮತ್ತೆ ಕೇಳಬೇಕು. ಹೇಳುವ ಅಜ್ಜಿಗೆ ಅಲ್ಲಿ ಏನಿದೆಯೆಂಬುದು ತಿಳಿದಿರಬಹುದು. ಅವಳ ಕೂಸೇ ಅಲ್ಲಿರಬಹುದು. ಚರ್ಚು ಒಪ್ಪದ ದುಃಖವನ್ನು ಬಹಿರಂಗವಾಗಿ ಹೇಳಲು ಅವಳಿಗೆ ಭಾಷೆಯಿರಲಿಲ್ಲ. ‘ಒಳ್ಳೆಯ ಜನ’ರ ಕಥೆಯ ಮರೆಯಲ್ಲಿ ಹೇಳಬಹುದಾಗಿತ್ತು. ಕೋಟೆಯನ್ನು ಕಟ್ಟಿದ ಏಳನೆಯ ಶತಮಾನದ ರೈತನ ಬಗ್ಗೆ ಈ ಐತಿಹ್ಯಕ್ಕೆ ಏನೂ ತಿಳಿಯದು. ಹತ್ತೊಂಬತ್ತನೆಯ ಶತಮಾನದ ತಾಯಿಯ ಬಗ್ಗೆ ಬೇರೆ ಯಾವ ದಾಖಲೆಗೂ ತಿಳಿಯದುದು ಅದಕ್ಕೆ ತಿಳಿದಿದೆ. ಶಿಶುವಿನ ಹೆಸರು ದೀಕ್ಷಾಸ್ನಾನದ ವಹಿಯಲ್ಲಿರುವುದು ಸಾಧ್ಯವೇ ಇಲ್ಲವಷ್ಟೆ.

6. ಒಂದು ಕನ್ನಡ ಸಂಬಂಧ ಮತ್ತು ಸಮಾಪ್ತಿ

ಐರ್ಲೆಂಡಿನ ಈ ಚರ್ಚೆಗೂ ಕನ್ನಡ ನೆಲಕ್ಕೂ ಒಂದು ನೇರವಾದ ಸಂಬಂಧವಿದೆ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಭೀಮಾತೀರದ ಜೇವರ್ಗಿ, ಸುರಪುರದ ಹತ್ತಿರದ ರಾಜನಕೋಳೂರು ಮುಂತಾದ ಕಡೆಯ ಬೃಹತ್ ಶಿಲಾಸಮಾಧಿಗಳನ್ನು ಪರೀಕ್ಷಿಸಿ, ಕೆಲವನ್ನು ಅಗೆಸಿ, 1850ರ ದಶಕದ ಆದಿಯಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ನಿವೃತ್ತರಾಗಿ ಡಬ್ಲಿನ್ನಿನ ಬಳಿ ನೆಲೆಸಿದ ಮೇಲೆ, ಪೆಟ್ರಿಗೆ ಬಹುಮಾನವಿತ್ತ ಅದೇ ರಾಯಲ್ ಐರಿಷ್ ಅಕಾಡೆಮಿಯ ಮೂಲಕ 1860ರ ದಶಕದಲ್ಲಿ ದಖನ್ನಿನ ಈ ಸಮಾಧಿಗಳನ್ನು ಕುರಿತ ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ಅವುಗಳನ್ನು ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್ ಎಂದು ಅವರು ಕರೆದದ್ದು ಈಗ ನಿಲ್ಲುವುದಿಲ್ಲ. ಐರ್ಲೆಂಡಿನ ಕಲ್ಮನೆಗಳು ನವಶಿಲಾಯುಗದವು, ನಮ್ಮವು ಬಹುಪಾಲು ಕಬ್ಬಿಣಯುಗದವು, ಎರಡಕ್ಕೂ ರಕ್ತಸಂಬಂಧವಿಲ್ಲ.

ಸಂಬಂಧವಿರುವುದು ಪ್ರಶ್ನೆಯಲ್ಲಿ. ಹಿರೇಬೆಣಕಲ್ಲು ಮೊದಲಾದ ಕಡೆ ಜನ ಈ ಕಲ್ಮನೆಗಳನ್ನು ‘ಮೋರಿಯರ ಮನೆ’ ಎನ್ನುತ್ತಾರೆ. ಮೋರಿಯರು ಕುಳ್ಳರೆಂದೂ ಮಹಾ ಬಲಶಾಲಿಗಳೆಂದೂ ಹೇಳುತ್ತಾರೆ. ಈ ಹೆಸರಿನಲ್ಲಿ ಮೌರ್ಯರನ್ನು ಕಂಡು ಇತಿಹಾಸ ಕಟ್ಟಲು ಹೊರಡುವುದು ಡೌತ್ ಕಥೆಯಲ್ಲಿ ಐದು ಸಾವಿರ ವರ್ಷ ಹಿಂದಿನ ಅರಸನನ್ನು ಕಂಡಂತೆ. ಮೂಢನಂಬಿಕೆಯೆಂದು ಕೈಬಿಡುವುದು ಗಂಟೆಯ ಮನೆ ಎಂಬ ಮಾತನ್ನು ಕೇಳಿಸಿಕೊಳ್ಳದೆ ಫಿನೀಷಿಯಕ್ಕೆ ಹೊರಟಂತೆ. ಹಾಗೆಯೇ ಗುಡಿಗಳೆಲ್ಲವನ್ನೂ ಜಕಣಾಚಾರಿಯ ಕೃತಿಯೆನ್ನುವ ನಮ್ಮ ಐತಿಹ್ಯ ಗೊಬಾನ್ ಸೇರನ ಕಥೆಗೆ ಸಮಾನವಾದುದು. ಹೊಯ್ಸಳ ಗುಡಿಗಳ ಕಲ್ಲಿನಲ್ಲಿ ಮಲ್ಲಿತಮ್ಮ, ದಾಸೋಜ ಮುಂತಾದ ಶಿಲ್ಪಿಗಳು ತಮ್ಮ ಹೆಸರನ್ನೇ ಕೆತ್ತಿಹೋಗಿದ್ದಾರೆ.

ಐರ್ಲೆಂಡಿನ ಅನುಭವದಿಂದ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುವ ಕ್ರಮವನ್ನು ನಾವು ಕಲಿಯಬಹುದು. ಆ ಸ್ಥಳವನ್ನು ಜನ ಏನೆಂದು ಕರೆಯುತ್ತಾರೆ? ಅದರ ಬಗ್ಗೆ ಏನು ಹೇಳುತ್ತಾರೆ? ಅಲ್ಲಿ ಏನನ್ನು ಮಾಡುತ್ತಾರೆ, ಏನನ್ನು ಮಾಡಬಾರದೆನ್ನುತ್ತಾರೆ? ಹೆಸರು ಹಳೆಯ ಉಪಯೋಗವನ್ನು ಉಳಿಸಿಕೊಂಡಿರಬಹುದು. ಕಥೆ ತನ್ನನ್ನು ಹೇಳಿದ ಕಾಲದ ಅರಸುಗಳನ್ನು, ಪಂಡಿತರನ್ನು, ಅವರ ಓದನ್ನು ತೋರಿಸುತ್ತದೆ. ನಿಷೇಧ ಊರಿನ ಇತ್ತೀಚಿನ ಸಾವುನೋವುಗಳನ್ನು ಒಳಗಿಟ್ಟುಕೊಂಡಿರಬಹುದು. ಇವುಗಳೊಡನೆ ಯಾರು, ಯಾವಾಗ, ಯಾವ ಭಾಷೆಯಲ್ಲಿ ಹೇಳಿದರು, ಅದಕ್ಕೆ ಮೊದಲು ಅಚ್ಚಾದ ಪುಸ್ತಕ ಆ ಊರಿಗೆ ಬಂದಿತ್ತೇ ಎಂಬುದನ್ನೂ ಬರೆದಿಡಬೇಕು.

ರಾಜ್ಯದ ಹೊರಗೆ ಕೆಲಸ ಮಾಡುವ ಕನ್ನಡ ಸಂಶೋಧಕರಿಗೆ ಇದರಲ್ಲಿ ವಿಶೇಷವಾದ ಪಾಲಿದೆ. ಟೇಲರ್ ಅವರ ಮೊದಲ ಬರಹಗಳಿರುವುದು ಮುಂಬಯಿಯ ಸಂಪುಟಗಳಲ್ಲಿ. ಅವರು ಅಗೆಸಿದ ಜೇವರ್ಗಿ ಅಂದು ಹೈದರಾಬಾದು ಸಂಸ್ಥಾನದಲ್ಲಿತ್ತು. ಆ ಬರಹಗಳನ್ನು ಕೈಯಲ್ಲಿ ಹಿಡಿದು ಆ ಊರುಗಳಿಗೆ ಮತ್ತೆ ಹೋಗಿ, ಕಲ್ಲಿನ ಅಳತೆಯೊಡನೆ ಊರವರ ಮಾತನ್ನೂ ಇಂದು ಬರೆದುಕೊಂಡರೆ, ಒಂದೇ ಸ್ಥಳದ ನಂಬಿಕೆಯನ್ನು ಸುಮಾರು 170 ವರ್ಷಗಳ ಅಂತರದಲ್ಲಿ ಹೋಲಿಸಲು ಸಾಧ್ಯವಾಗುತ್ತದೆ. ಅಳತೆಯನ್ನು ಇನ್ನು ನೂರು ವರ್ಷಗಳ ಮೇಲೂ ತೆಗೆಯಬಹುದು. ಮಾತಿಗೆ ಅಷ್ಟು ಕಾಲಾವಕಾಶವಿಲ್ಲ.